ಜೇನುಗಾರನ ಕ್ಷೇಮವೂ ಜೇನಿನ ಕ್ಷೇಮವೂ

ಜೇನುಸಾಕಣೆಯನ್ನು ಕುರಿತ ಉಪದೇಶಗಳಲ್ಲಿ ಪೆಟ್ಟಿಗೆಯ ಅಳತೆಯುಂಟು, ಹೂವಿನ ಕಾಲದ ವಿವರವುಂಟು, ರಾಣಿನೊಣದ ಲಕ್ಷಣವುಂಟು. ಪೆಟ್ಟಿಗೆಯ ಮುಚ್ಚಳವನ್ನು ತೆರೆಯತಕ್ಕ ಮನುಷ್ಯನ ದೇಹಸ್ಥಿತಿ, ಮನಃಸ್ಥಿತಿಗಳ ಮಾತು ಮಾತ್ರ ಅಪೂರ್ವ. ಆದರೆ ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ತುಡುವೆ ಜೇನನ್ನು ಸಾಕುವ ನಾವು ಈ ವಿಷಯವನ್ನು ಅಲಕ್ಷ್ಯಮಾಡುವಂತಿಲ್ಲ. ಸಾಕುವವನು ಸೊರಗಿದರೆ ಗೂಡೂ ಸೊರಗುವುದು. ಅದು ಹೇಗೆಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಮೊದಲು ಮೇಣದ ಹುಳುವನ್ನೇ ತೆಗೆದುಕೊಳ್ಳೋಣ. ಇದರ ಪತಂಗವು ರಾತ್ರಿ ವೇಳೆ ಗೂಡನ್ನು ಹೊಕ್ಕು ಸಂದುಗೊಂದುಗಳಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಹುಳುಗಳು ಎರಿಯನ್ನು ಕೊರೆದು, ಬಲೆ ನೇಯ್ದು, ಕೊನೆಗೆ ಗೂಡನ್ನೇ ಹಾಳುಗೆಡಹುತ್ತವೆ. ಪೆಟ್ಟಿಗೆಯೊಳಗೆ ಕೀಟನಾಶಕವನ್ನು ಚೆಲ್ಲುವಂತಿಲ್ಲ; ಹುಳುವನ್ನು ಕೊಲ್ಲುವ ವಿಷ ನೊಣವನ್ನೂ ಕೊಲ್ಲುವುದು. ಆದಕಾರಣ ಇಲ್ಲಿರುವ ಔಷಧವೆಲ್ಲ ಕಣ್ಣು ಮತ್ತು ಕೈ. ಅಡಿಹಲಗೆಯ ಕಸವನ್ನು ಗುಡಿಸಬೇಕು. ನೊಣಗಳು ಮುಚ್ಚಿಕೊಳ್ಳಲಾರದ ಹೆಚ್ಚಿನ ಎರಿಗಳನ್ನು ತೆಗೆಯಬೇಕು. ದುರ್ಬಲವಾದ ಕುಟುಂಬವನ್ನು ಮತ್ತೊಂದರೊಡನೆ ಕೂಡಿಸಬೇಕು. ಇವೆಲ್ಲವೂ ಹೊತ್ತಿಗೆ ಸರಿಯಾಗಿ ನಡೆಯತಕ್ಕ ಕೆಲಸಗಳು. ಮಳೆಗಾಲದಲ್ಲಿ ಜೇನುಗಾರನು ಜ್ವರದಿಂದ ಎರಡು ಮೂರು ವಾರ ಮಲಗಿದನೆಂದರೆ, ಹೂವಿಲ್ಲದ ಆ ದಿನಗಳಲ್ಲಿ ಸಕ್ಕರೆಪಾಕ ತಪ್ಪುವುದು, ಕುಟುಂಬ ಕುಗ್ಗುವುದು, ಕಾವಲಿಲ್ಲದ ಎರಿಗೆ ಹುಳು ಬೀಳುವುದು. ತುಡುವೆಯ ಸ್ವಭಾವವಂತೂ ಪ್ರಸಿದ್ಧವಾದುದು: ಮನೆ ಕೆಟ್ಟಿತೆಂದು ತೋರಿದರೆ ಅದು ಇಡೀ ಸಂಸಾರದೊಡನೆ ಹಾರಿಹೋಗುತ್ತದೆ. ಇರುವೆಗಳ ಕಥೆಯೂ ಇಂಥದೇ. ಕಾಲುಮಣೆಯ ಕೆಳಗಿನ ನೀರಿನ ಬಟ್ಟಲು ಒಣಗಿದರೆ ಅಥವಾ ಅದರಲ್ಲಿ ಒಂದು ಎಲೆ ಬಿದ್ದು ಸೇತುವೆಯಾದರೆ ಅವುಗಳಿಗೆ ಅಷ್ಟೇ ಸಾಕು.

ಮಲಗುವಷ್ಟು ಕಾಯಿಲೆಯಿಲ್ಲದಿದ್ದರೂ ಆಯಾಸವು ತನ್ನ ಕೆಲಸವನ್ನು ಮಾಡಿಯೇ ತೀರುವುದು. ನಿದ್ರೆಗೆಟ್ಟವನ ಕೈ ನಡುಗುತ್ತದೆ. ಚೌಕಟ್ಟು ತಗಲಿ ನೊಣ ನಜ್ಜಾಗುತ್ತದೆ. ಕುಟುಕಿದ ನೊಣದ ಮುಳ್ಳಿನ ಕಡೆಯಿಂದ ಮಾಗಿದ ಬಾಳೆಹಣ್ಣಿನಂಥ ವಾಸನೆಯೊಂದು ಹೊರಡುವುದು. ಅದು ನೊಣಗಳ ಭಾಷೆಯಲ್ಲಿ ಅಪಾಯದ ಕೂಗು. ಕೂಡಲೇ ಉಳಿದವೂ ಏಳುತ್ತವೆ. ಆಗ ಜೇನುಗಾರನು ಮುಚ್ಚಳ ಹಾಕಿ ಹಿಂದಿರುಗುತ್ತಾನೆ; ನೋಡಬೇಕಾಗಿದ್ದ ಅಡಿಹಲಗೆ ನೋಡದೆಯೇ ಉಳಿಯುತ್ತದೆ. ನೊಣಗಳ ಮುಂಗೋಪವೆಂದು ನಾವು ಹೇಳುವುದು ಎಷ್ಟೋ ವೇಳೆ ನಮ್ಮ ಆತುರದ ಫಲವೇ. ಕಣ್ಣಿನ ವಿಷಯವೂ ಹಾಗೆಯೇ. ರಾಣಿಯ ಮೊಟ್ಟೆಯು ಅಕ್ಕಿಯ ನುಚ್ಚಿಗಿಂತ ಸಣ್ಣದು. ದೃಷ್ಟಿ ಮಂದವಾದವನು ಕನ್ನಡಕವಿಲ್ಲದೆ ನೋಡಿ, ಮೊಟ್ಟೆಯಿಲ್ಲ, ರಾಣಿ ಸತ್ತಿತೆಂದು ತೀರ್ಮಾನಿಸಿದರೆ ಒಳ್ಳೆಯ ಕುಟುಂಬಕ್ಕೆ ವೃಥಾ ಉಪದ್ರವ.

ಮನಸ್ಸಿನ ಸ್ವಾಸ್ಥ್ಯವು ದೇಹದ ಸ್ವಾಸ್ಥ್ಯಕ್ಕಿಂತ ಕಡಮೆಯದಲ್ಲ. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣುರೋಗವು ದಕ್ಷಿಣ ಭಾರತದ ತುಡುವೆಗಳಿಗೆ ತಗಲಿ, ಮರಿಗಳು ಎರಿಯಲ್ಲಿಯೇ ಸತ್ತು, ಕುಟುಂಬಗಳು ಲೆಕ್ಕವಿಲ್ಲದೆ ನಾಶವಾದುವು. ಅದಕ್ಕೆ ಮದ್ದಿರಲಿಲ್ಲ. ಅನೇಕರು ಎದೆಗುಂದಿ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದರು. ಅವರನ್ನು ಹಳಿಯುವುದು ನ್ಯಾಯವಲ್ಲ. ಸಾಕಿದ ಜೀವ ಕಣ್ಣೆದುರಿಗೆ ಅಳಿಯುವುದು ಸಾಮಾನ್ಯವಾದ ದುಃಖವಲ್ಲ. ಆದರೆ ಬದುಕಿ ಉಳಿದ ಕುಟುಂಬಗಳಿಂದಲೇ ಸಂತತಿ ಮತ್ತೆ ಬೆಳೆಯಬೇಕಾಗಿತ್ತು. ಅವನ್ನು ಗುರುತಿಸಿ ಪೋಷಿಸಲು ಧೈರ್ಯಗೆಡದ ಮನುಷ್ಯರು ಬೇಕಾಗಿದ್ದರು. ನಿರಾಶೆಯು ಗೂಡಿಗೆ ಕೀಟದಂತೆ ನೇರವಾಗಿ ನುಗ್ಗುವುದಿಲ್ಲ. “ನಾಳೆ ನೋಡೋಣ” ಎಂಬ ಮಾತಿನ ಮರೆಯಲ್ಲಿ ಬರುತ್ತದೆ.

ಹಾಗಾದರೆ ನಾವು ಮಾಡತಕ್ಕದ್ದೇನು? ಶಕ್ತಿಗೆ ಮೀರಿ ಪೆಟ್ಟಿಗೆಗಳನ್ನಿಡಬಾರದು. ನೋಡಿಕೊಳ್ಳಲಾಗದ ಇಪ್ಪತ್ತಕ್ಕಿಂತ ನೋಡಿಕೊಳ್ಳಬಲ್ಲ ಹತ್ತು ಮೇಲು. ಮಳೆ ಹಿಡಿಯುವ ಮುನ್ನವೇ ದುರ್ಬಲ ಕುಟುಂಬಗಳನ್ನು ಕೂಡಿಸಿದರೆ ನೊಣಕ್ಕೂ ಬಲ, ನಮಗೂ ಬಿಡುವು. ಮನೆಯವರಲ್ಲಿ ಅಥವಾ ನೆರೆಯವರಲ್ಲಿ ಒಬ್ಬರಿಗಾದರೂ ಕೆಲಸವನ್ನು ಕಲಿಸಿ, ಯಾವ ಪೆಟ್ಟಿಗೆಯನ್ನು ಎಂದು ನೋಡಿದ್ದು, ಏನು ಕಂಡದ್ದು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ನಾವು ಹಾಸಿಗೆ ಹಿಡಿದ ದಿನ ಆ ಬರಹವೇ ಅವರಿಗೆ ದಾರಿ ತೋರುವುದು. ಮೈ ಸರಿಯಿಲ್ಲದ ದಿನ ಪೆಟ್ಟಿಗೆ ತೆರೆಯದೆ, ಹೊರಗಿನಿಂದ ಬಾಗಿಲಿನ ಸಂಚಾರವನ್ನೂ ನೀರಿನ ಬಟ್ಟಲನ್ನೂ ನೋಡಿ ಬಂದರೆ ಸಾಕು. ಕುಟುಕಿದ ಮೇಲೆ ಉಸಿರು ಕಟ್ಟುವುದು, ತುಟಿ ನಾಲಗೆ ಊದುವುದು, ಮೈಯೆಲ್ಲ ದದ್ದು, ತಲೆಸುತ್ತು ಇವು ಕಂಡರೆ ಮನೆಮದ್ದಿಗೆ ಕಾಯದೆ ತತ್‌ಕ್ಷಣ ಆಸ್ಪತ್ರೆಗೆ ಹೋಗತಕ್ಕದ್ದು. ಅಂಥವರು ವೈದ್ಯರ ಸಲಹೆಯಿಲ್ಲದೆ ಮತ್ತೆ ಗೂಡಿನ ಬಳಿ ಸುಳಿಯಬಾರದು.

ತನ್ನ ಆರೈಕೆಯನ್ನು ಮಾಡಿಕೊಳ್ಳುವುದು ಸ್ವಾರ್ಥವೆಂದು ನಮ್ಮಲ್ಲಿ ಕೆಲವರು ಸಂಕೋಚಪಡುವುದುಂಟು. ಜೇನುಗಾರನಿಗೆ ಈ ಸಂಕೋಚ ಸಲ್ಲದು. ಆತನು ಹೊತ್ತಿಗೆ ಉಂಡು, ನಿದ್ರಿಸಿ, ಸಮಾಧಾನದಿಂದ ತೋಟಕ್ಕೆ ಬರುವುದು ಸಾವಿರಾರು ಪುಟ್ಟ ಜೀವಗಳಿಗೂ ಆವಶ್ಯಕವಾದುದು.