ಉಪ್ಪುನೀರಿನ ಕೆಲಸ, ಬ್ರಷ್ಷಿನ ಕೆಲಸ

ಮಕ್ಕಳೇ, ಕಡಕ್ ರೊಟ್ಟಿಯ ಚೂರು ವಸಡಿಗೆ ಚುಚ್ಚಿದರೆ ಆ ಜಾಗ ಕೆಂಪಾಗಿ ಬಾತುಕೊಳ್ಳುತ್ತದೆ. ಹೊಸ ದವಡೆಹಲ್ಲು ಮೂಡುವಾಗಲೂ ಹಾಗೇ. ದಿನಗಟ್ಟಲೆ ಹಲ್ಲು ಸರಿಯಾಗಿ ಉಜ್ಜದಿದ್ದರಂತೂ ಕೇಳುವುದೇ ಬೇಡ. ರೋಣ, ನರಗುಂದ, ಗಜೇಂದ್ರಗಡದ ಮನೆಗಳಲ್ಲಿ ಇದಕ್ಕೆ ಮೊದಲ ಮದ್ದು, "ಬೆಚ್ಚಗಿನ ನೀರಾಗ ಉಪ್ಪು ಹಾಕಿ ಬಾಯಿ ಮುಕ್ಕಳಸು."

ಉಪ್ಪು ಏನು ಮಾಡುತ್ತದೆ? ಸವತಿಕಾಯಿಯ ಎರಡು ಹೋಳು ತಗೊಳ್ಳಿ. ಒಂದಕ್ಕೆ ಮಾತ್ರ ಉಪ್ಪು ಸವರಿ ಕಾಲು ಗಂಟೆ ಬಿಡಿ. ಉಪ್ಪು ಸವರಿದ ಹೋಳಿನ ಮೇಲೆ ನೀರು ಒಸರಿರುತ್ತದೆ, ಹೋಳು ಮೆತ್ತಗಾಗಿರುತ್ತದೆ. ಜೀವಕೋಶದ ಪೊರೆ ದಾಟಿ ನೀರು ಉಪ್ಪು ಹೆಚ್ಚಿರುವ ಕಡೆಗೆ ಹರಿಯುತ್ತದೆ. ಇದೇ ಅಭಿಸರಣೆ.

ಆಸ್ಪತ್ರೆಯ ಸಲೈನ್ ಬಾಟಲಿಯಲ್ಲಿ 100 ಮಿಲಿಲೀಟರಿಗೆ 0.9 ಗ್ರಾಂ ಉಪ್ಪಿರುತ್ತದೆ. ಅದು ನಮ್ಮ ರಕ್ತಕ್ಕೆ ಸರಿಹೊಂದುವ ಪ್ರಮಾಣ. ಒಂದು ಲೋಟ ನೀರಿಗೆ ಅರ್ಧ ಚಿಕ್ಕ ಚಮಚ ಉಪ್ಪು ಹಾಕಿದರೆ ಅದಕ್ಕಿಂತ ತುಸು ಹೆಚ್ಚಾಗುತ್ತದೆ, ಅಷ್ಟೇ. ಹಾಗಾಗಿ ಬಾವಿನ ನೀರನ್ನು ಅದು ಸ್ವಲ್ಪವೇ ಎಳೆದೀತು. ಸಂದಿಯ ಕೂಳು ತೊಳೆದು ಹೋಗುವುದು, ನೋವಿಗೆ ಹಿತವಾಗುವುದು ಇದರ ದೊಡ್ಡ ಲಾಭ. ಮುಷ್ಟಿಗಟ್ಟಲೆ ಉಪ್ಪು ಸುರಿದರೆ ಬಾಯಿ ಉರಿಯುತ್ತದೆ. ಮುಕ್ಕಳಿಸಿದ ನೀರನ್ನು ನುಂಗದೆ ಉಗುಳಿ.

ಹಾಲೆಂಡಿನಲ್ಲಿ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿಯಿದ್ದ. ತನ್ನ ಮಸೂರಗಳನ್ನು ತಾನೇ ತಯಾರಿಸುತ್ತಿದ್ದ. ದಿನಾ ಮುಂಜಾನೆ ಉಪ್ಪಿನಿಂದ ಹಲ್ಲು ತಿಕ್ಕಿ ಬಾಯಿ ತೊಳೆಯುವುದು ಅವನ ರೂಢಿ. ಆದರೂ ಹಲ್ಲಿನ ಸಂದಿಯಲ್ಲಿ ಬಿಳಿ ಪದರ ಉಳಿಯುತ್ತಿತ್ತು. ಅದನ್ನು ಕೆರೆದು ಮಸೂರದಡಿ ಇಟ್ಟು ನೋಡಿದರೆ, ಪುಟ್ಟ ಪುಟ್ಟ ಜೀವಿಗಳು ಓಡಾಡುತ್ತಿದ್ದವು! 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ಇದನ್ನು ತಿಳಿಸಿದ. ಅವನು ಕಂಡದ್ದು ಬ್ಯಾಕ್ಟೀರಿಯಾ.

ಆ ಪದರದ ಹೆಸರು ಪ್ಲಾಕ್. ವಸಡಿನ ಅಂಚಿನಲ್ಲಿ ಅದು ಕೂತರೆ, ಬ್ಯಾಕ್ಟೀರಿಯಾ ಎದುರಿಸಲು ದೇಹ ಅಲ್ಲಿಗೆ ಹೆಚ್ಚು ರಕ್ತ ಕಳಿಸುತ್ತದೆ. ಕೆಂಪು, ಬಾವು, ಉಜ್ಜಿದಾಗ ರಕ್ತ, ಎಲ್ಲ ಅದರಿಂದಲೇ. ಪ್ಲಾಕ್ ಅಂಟಾದ್ದರಿಂದ ಮುಕ್ಕಳಿಸಿದರೆ ಹೋಗದು, ಉಜ್ಜಲೇಬೇಕು. ಬೇವಿನ ಕಡ್ಡಿಯ ತುದಿ ಜಗಿದು ಕುಂಚ ಮಾಡುವುದೂ ಇದಕ್ಕೇ. ಬಿಟ್ಟರೆ ಜೊಲ್ಲಿನ ಕ್ಯಾಲ್ಸಿಯಂ ಸೇರಿ ಅದು ಕಲ್ಲಿನಂತಾಗುತ್ತದೆ. ಆಮೇಲೆ ದಂತವೈದ್ಯರೇ ಕೆರೆಯಬೇಕು.

ಲವಂಗದಲ್ಲಿರುವ ಯೂಜಿನಾಲ್ ನೋವನ್ನು ಮರಗಟ್ಟಿಸುತ್ತದೆ, ಪ್ಲಾಕ್ ತೆಗೆಯುವುದಿಲ್ಲ. ಲವಂಗದೆಣ್ಣೆಯನ್ನು ಹಾಗೇ ಹಚ್ಚಿದರೆ ವಸಡು ಸುಡುತ್ತದೆ. ತಂಬಾಕಿನ ಪುಡಿಯನ್ನಂತೂ ಯಾರೇ ಹೇಳಿದರೂ ಮುಟ್ಟಬೇಡಿ.

ಕೀವು, ಜ್ವರ, ಮುಖದ ಬಾವು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ವಾರ ಕಳೆದರೂ ವಸಡಿನ ಬಾವು ಇಳಿಯದಿದ್ದರೆ ದಂತವೈದ್ಯರಿಗೆ ತೋರಿಸಬೇಕು. ರಕ್ತ ಬಂತೆಂದು ಹೆದರಿ ಹಲವರು ಆ ಜಾಗ ಬಿಟ್ಟು ಉಜ್ಜುತ್ತಾರೆ. ಪ್ಲಾಕ್ ಕೂತಿರುವುದೇ ಅಲ್ಲಿ. ಮೆತ್ತನೆಯ ಬ್ರಷ್ಷಿನಿಂದ ಮೆಲ್ಲಗೆ, ಮುಂಜಾನೆಯೂ ರಾತ್ರಿಯೂ, ಅಲ್ಲೇ ಉಜ್ಜಿ.