ವೈದ್ಯನಿಗೂ ನೆರವು ಬೇಕಾಯಿತು



ಕುಡಿತದ ಚಟವು ಓದು, ಪದವಿಗಳನ್ನು ನೋಡಿ ಅಂಟುವುದಿಲ್ಲ. ಅಮೆರಿಕದ ಆಕ್ರನ್ ನಗರದ ಶಸ್ತ್ರವೈದ್ಯ ಡಾ. ರಾಬರ್ಟ್ ಸ್ಮಿತ್ ಅವರೂ ಅದಕ್ಕೆ ಸಿಲುಕಿದ್ದರು. ಕುಡಿತ ಬಿಟ್ಟಿದ್ದ ಇನ್ನೊಬ್ಬರ ನೆರವಿನಿಂದ 1935ರಲ್ಲಿ ಅವರು ಮುಕ್ತರಾದರು. ಅವರಿಬ್ಬರೂ ಆರಂಭಿಸಿದ ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಕೂಟವು ಇಂದು ನಮ್ಮ ದೇಶದಲ್ಲಿಯೂ ಇದೆ. ರೋಗವನ್ನು ಬಲ್ಲ ವೈದ್ಯನಿಗೇ ಪರರ ನೆರವು ಬೇಕಾಯಿತೆಂದಮೇಲೆ, ನೆರವು ಕೇಳಲು ನಾವೇಕೆ ನಾಚಬೇಕು?

ಸಹೋದರಿಯರೇ, ಪತಿಯು ಮತ್ತಿನಲ್ಲಿಲ್ಲದ ವೇಳೆಯಲ್ಲಿ, ಹಂಗಿಸದೆ ಮಾತನಾಡಿರಿ. ಸಹೋದರರೇ, ಬಹುಕಾಲ ನಿತ್ಯವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಬುದ್ಧಿಭ್ರಮೆ ಉಂಟಾಗಿ ಪ್ರಾಣಕ್ಕೂ ಅಪಾಯವಾಗಬಹುದು. ಆದುದರಿಂದ ಬಿಡುವ ಮುನ್ನವೇ ದಂಪತಿಗಳು ಕೂಡಿ ಸರ್ಕಾರಿ ವೈದ್ಯರನ್ನು ಕಾಣಿರಿ. ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಉಚಿತವಾಗಿ ಕರೆಮಾಡಿಯೂ ಸಲಹೆ ಪಡೆಯಿರಿ. ಬಿಟ್ಟವರು ಮತ್ತೆ ಎಡವಿದರೆ ಧೈರ್ಯಗೆಡದೆ ಪುನಃ ಬನ್ನಿರಿ.