ಬೆಟ್ಟದ ದಾರಿ ಮತ್ತು ನೀರಿನ ದಾರಿ

(ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪರಿಸರದ ಸಭೆಯಲ್ಲಿ ಸೈಕಲ್ ಸವಾರಿಯ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಎರಡಡಿ ಅಗಲದ ಒಂದು ದಾರಿ ನನಗೆ ಕಲಿಸಿದ ಪಾಠವು ಮಲೆನಾಡಿನ ಎಲ್ಲ ರಸ್ತೆಗಳಿಗೂ ಅನ್ವಯಿಸುತ್ತದೆಂಬ ನಂಬಿಕೆಯಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ. ಇದರಲ್ಲಿ ನನ್ನ ತಪ್ಪೊಪ್ಪಿಗೆಯೂ ಸೇರಿದೆ.

ಸಕಲೇಶಪುರದ ಸೀಮೆಯಲ್ಲಿ ಗೆಳೆಯನೊಬ್ಬನ ಮನೆತನಕ್ಕೆ ಸೇರಿದ ಹಳೆಯ ಕಾಫಿ ತೋಟವಿದೆ. ಅದರ ಮೇಲ್ಗಡೆಯ ಗುಡ್ಡವೂ ಅವರ ಹಿಡುವಳಿಯೇ. ನಾವು ಆರು ಮಂದಿ ಗೆಳೆಯರು ಒಂದು ಬೇಸಗೆಯ ಭಾನುವಾರಗಳನ್ನೆಲ್ಲ ಗುದ್ದಲಿ, ಪಿಕಾಸಿಗಳೊಡನೆ ಕಳೆದು ಆ ಗುಡ್ಡದಲ್ಲಿ ಸುಮಾರು ಎರಡು ಕಿಲೋಮೀಟರ್ ಉದ್ದದ ದಾರಿಯೊಂದನ್ನು ಕಡಿದೆವು. ಒಬ್ಬರ ಹಿಂದೆ ಒಬ್ಬರಷ್ಟೇ ಸಾಗಬಹುದಾದ ಇಂತಹ ದಾರಿಯನ್ನು ಬೆಟ್ಟದ ಸೈಕಲ್ ಸವಾರರು ಸಿಂಗಲ್ ಟ್ರ್ಯಾಕ್ ಎಂದು ಕರೆಯುತ್ತಾರೆ.

ಹೂಮಳೆ ಬಿದ್ದು ಕಾಫಿ ಅರಳಿದ ವಾರದಲ್ಲಿ ಮೊದಲ ಸವಾರಿ ಹೊರಟೆವು. ತೋಟದಿಂದ ಹೂವಿನ ಪರಿಮಳ ಮೇಲೇರಿ ಬರುತ್ತಿತ್ತು. ಮುಂದಿನವನ ಹಿಂಗಾಲಿಯ ಮೇಲೆ ದೃಷ್ಟಿ ನೆಟ್ಟು, ಬೇರುಗಳನ್ನು ದಾಟಿ, ಬಂಡೆಗಳನ್ನು ಬಳಸಿ ಇಳಿಯುತ್ತಿದ್ದಾಗ ನಮ್ಮ ಕೈಯಾರೆ ಮಾಡಿದ ದಾರಿ ನಮ್ಮನ್ನು ಹೊತ್ತು ಸಾಗುತ್ತಿದೆ ಎಂಬ ಹೆಮ್ಮೆ ಎಲ್ಲರಲ್ಲಿಯೂ ಇತ್ತು. ಅದರಲ್ಲೂ ನೇರಳೆ ಮರದ ಕೆಳಗಿನ ಒಂದು ನೇರ ಇಳಿಜಾರು ನಮಗೆ ಅತ್ಯಂತ ಪ್ರಿಯವಾಗಿತ್ತು. ಅಲ್ಲಿ ಸೈಕಲ್ ತಾನಾಗಿ ಧುಮುಕುತ್ತಿತ್ತು. ಕೆಳಗೆ ತಲುಪಿದವರು ಹಿಂದೆ ಬರುವವರ ಕೂಗಿಗಾಗಿ ಕಾದು ನಿಂತು ನಗುತ್ತಿದ್ದೆವು.

ಜುಲೈ ತಿಂಗಳಲ್ಲಿ ಸುದ್ದಿ ಬಂತು. ಗುಡ್ಡದ ಬುಡದ ನಾಲ್ಕು ಮನೆಗಳಿಗೆ ಬರುವ ಅಬ್ಬಿ ನೀರು ಕೆಂಪಾಗಿ ಹರಿಯುತ್ತಿದೆ; ಎಷ್ಟೇ ಮಳೆ ಬಿದ್ದರೂ ಹಿಂದೆಂದೂ ಹೀಗಾಗಿರಲಿಲ್ಲ. ಮಳೆಯಲ್ಲಿಯೇ ಗುಡ್ಡವೇರಿ ನೋಡಿದೆವು. ನೇರಳೆ ಮರದ ಇಳಿಜಾರು ಹಳ್ಳವಾಗಿ ಹೋಗಿತ್ತು. ಮೊಣಕೈಯಷ್ಟು ಆಳದ ಕೊರಕಲು ಬಿದ್ದು, ಮೇಲ್ಮಣ್ಣೆಲ್ಲ ಅಬ್ಬಿಯ ಬಾಯಿಗೆ ಇಳಿದಿತ್ತು. ಆ ಮನೆಗಳ ಹಿರಿಯರೊಬ್ಬರು ನಮ್ಮನ್ನು ಬೈಯಲಿಲ್ಲ. "ನೀರಿಗೆ ಮೊದಲು ದಾರಿ ಬಿಡಿ, ಆಮೇಲೆ ನಿಮ್ಮ ದಾರಿ ಮಾಡಿಕೊಳ್ಳಿ" ಎಂದರು. ಗುದ್ದಲಿ ಹಿಡಿಯುವ ಮೊದಲು ನಾವು ಅವರನ್ನು ಒಂದು ಮಾತೂ ಕೇಳಿರಲಿಲ್ಲ.

ಬಂಧುಗಳೆ, ಈ ತಪ್ಪನ್ನು ಮಾಡಿದವರಲ್ಲಿ ನಾವೇ ಮೊದಲಿಗರೇನೂ ಅಲ್ಲ. ಬೆಟ್ಟದ ಸೈಕಲ್ ಆಟದ ತವರುಗಳಲ್ಲಿ ಮುಖ್ಯವಾದುದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕಿರುವ ಮರಿನ್ ಕೌಂಟಿ. 1976ರಲ್ಲಿ ಅಲ್ಲಿನ ಯುವಕರು ದಪ್ಪ ಟೈರಿನ ಹಳೆಯ ಸೈಕಲ್ಲುಗಳಲ್ಲಿ ಗುಡ್ಡದ ಮಣ್ಣಿನ ರಸ್ತೆಯೊಂದನ್ನು ಇಳಿಯುವ ಪಂದ್ಯವನ್ನು ಆರಂಭಿಸಿದರು. ಪಂದ್ಯದ ಹೆಸರು ರೀಪ್ಯಾಕ್. ಒಂದೇ ಇಳಿತದಲ್ಲಿ ಬ್ರೇಕಿನೊಳಗಿನ ಗ್ರೀಸ್ ಸುಟ್ಟುಹೋಗಿ ಮತ್ತೆ ತುಂಬಬೇಕಾಗುತ್ತಿದ್ದುದರಿಂದ ಆ ಹೆಸರು ಬಂತು. ಮರುವರ್ಷ ಜೋ ಬ್ರೀಜ್ ಎಂಬವರು ಇದಕ್ಕೆಂದೇ ಹೊಸ ಸೈಕಲನ್ನು ನಿರ್ಮಿಸಿದರು. ಸವಾರರು ಹೆಚ್ಚಿದಂತೆ ಕಾಲ್ನಡಿಗೆಯವರೊಡನೆ, ಕುದುರೆ ಸವಾರರೊಡನೆ ಜಗಳಗಳೂ ಹೆಚ್ಚಿದವು. ಅಲ್ಲಿನ ಟಮಾಲ್ಪಯಸ್ ಬೆಟ್ಟದ ಇಳಿಜಾರುಗಳು ಜನರ ಕುಡಿಯುವ ನೀರಿನ ಜಲಾನಯನ. ಅಲ್ಲಿಯ ಕಿರುದಾರಿಗಳು ದಶಕಗಳ ಕಾಲ ಸೈಕಲ್ಲಿಗೆ ಮುಚ್ಚಿದ್ದವು. ದಾರಿಗಳು ಹೀಗೆ ಮುಚ್ಚತೊಡಗಿದ ಮೇಲೆಯೇ, 1988ರಲ್ಲಿ, ಸವಾರರು ಅಂತರರಾಷ್ಟ್ರೀಯ ಸಂಘವೊಂದನ್ನು ಕಟ್ಟಿ ದಾರಿ ನಿರ್ಮಾಣದ ಶಿಸ್ತನ್ನು ಹರಡಲು ಹೊರಟದ್ದು.

ಆ ಶಿಸ್ತಿನ ಸಾರವನ್ನು ಸರಳವಾಗಿ ಹೇಳಬಹುದು. ನೀರು ಗುಡ್ಡದಿಂದ ನೇರವಾಗಿ ಕೆಳಗಿಳಿಯುತ್ತದೆ. ಆದುದರಿಂದ ದಾರಿ ನೇರವಾಗಿ ಇಳಿಯಬಾರದು. ಗುಡ್ಡದ ಓರೆ ನೂರಡಿಗೆ 40 ಅಡಿ ಇಳಿಯುತ್ತಿದ್ದರೆ ದಾರಿಯ ಇಳಿಜಾರು ನೂರಡಿಗೆ 20 ಅಡಿ ಮೀರಬಾರದು, ಎಂದರೆ ಅರ್ಧ. ಒಟ್ಟು ದಾರಿಯ ಸರಾಸರಿ ನೂರಕ್ಕೆ 10ರ ಆಸುಪಾಸಿನಲ್ಲಿರಬೇಕು. ದಾರಿಯ ಮೈ ಹೊರಗಡೆಗೆ ಸ್ವಲ್ಪವೇ, ನೂರಕ್ಕೆ 5ರಷ್ಟು, ವಾಲಿರಬೇಕು. ಆಗ ನೀರು ದಾರಿಯುದ್ದಕ್ಕೂ ಓಡದೆ ಅಡ್ಡಲಾಗಿ ಹಾಳೆಯಂತೆ ಹಾದುಹೋಗುತ್ತದೆ. ಅಲ್ಲಲ್ಲಿ ದಾರಿ ತಗ್ಗಿ ಮತ್ತೆ ಏರಬೇಕು; ಆ ತಗ್ಗು ನೀರನ್ನು ಹೊರಗೆ ದಾಟಿಸುತ್ತದೆ. ಹಾಗೆಂದು ಪೂರ್ತಿ ಸಪಾಟಾದ ನೆಲವೂ ಒಳ್ಳೆಯದಲ್ಲ. ಅಲ್ಲಿ ನೀರು ನಿಂತು ಕೆಸರಾಗುತ್ತದೆ, ಜನ ಕೆಸರನ್ನು ಬಳಸಿ ನಡೆದು ದಾರಿ ಅಗಲವಾಗುತ್ತ ಹೋಗುತ್ತದೆ.

ಇದನ್ನೆಲ್ಲ ಓದಿ ತಿಳಿದ ಮೇಲೆ ನಮ್ಮೂರಿನ ಹಳೆಯ ಕಾಲುದಾರಿಗಳನ್ನು ಮತ್ತೊಮ್ಮೆ ನೋಡಿದೆವು. ಗುಡ್ಡದ ಸೊಂಟ ಬಳಸಿ ಓರೆಯಾಗಿ ಸಾಗುವ ಆ ದಾರಿಗಳಲ್ಲಿ ಈ ನಿಯಮಗಳೆಲ್ಲ ಮೊದಲೇ ಇದ್ದವು. ನಮ್ಮ ಹಿರಿಯರು ಪುಸ್ತಕ ಓದಿ ಅವನ್ನು ಮಾಡಿದವರಲ್ಲ. ಮಳೆಯನ್ನು ನೋಡಿ ಮಾಡಿದವರು. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಘಟ್ಟದಲ್ಲಿ, ಹೊರಗಿನ ಪುಸ್ತಕದ ಅಳತೆಗಿಂತ ಹೆಚ್ಚಿನ ಎಚ್ಚರವೇ ಬೇಕು.

ಗಾಲಿಯೇ ನೆಲಕ್ಕೆ ಶತ್ರುವೆಂದು ಹೇಳಲಾಗದು. ಅಮೆರಿಕದ ಮೊಂಟಾನಾದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒದ್ದೆ ದಾರಿಯಲ್ಲಿ ಗಾಲಿಗಳಿಗಿಂತ ಕುದುರೆಯ ಗೊರಸು ಮತ್ತು ಮನುಷ್ಯನ ಪಾದಗಳೇ ಹೆಚ್ಚು ಮಣ್ಣನ್ನು ಸಡಿಲಿಸುವುದು ಕಂಡುಬಂತು. ಇದನ್ನು ಕೇಳಿ ಸವಾರರು ಬೀಗಬೇಕಾಗಿಲ್ಲ. ಬ್ರೇಕು ಬಿಗಿಹಿಡಿದು ಜಾರಿದಾಗ ಗಾಲಿಯೂ ನೆಲವನ್ನು ಉಳುತ್ತದೆ. ನಮ್ಮ ಗುಡ್ಡದಲ್ಲಿ ಕೆಟ್ಟದ್ದು ದಾರಿಯ ಜಾಗ; ಆ ಜಾಗವನ್ನು ಆರಿಸಿದವರು ನಾವು.

ಮಳೆಗಾಲ ಮುಗಿದ ಮೇಲೆ ನಾಲ್ಕು ಮನೆಗಳವರೊಡನೆ ಕುಳಿತು ಮಾತನಾಡಿದೆವು. ನೇರಳೆ ಮರದ ಇಳಿಜಾರನ್ನು ಶಾಶ್ವತವಾಗಿ ಮುಚ್ಚಲು ತೀರ್ಮಾನವಾಯಿತು. ಕೊರಕಲಿಗೆ ಅಡ್ಡಲಾಗಿ ಕಲ್ಲುಕಟ್ಟೆಗಳನ್ನು ಇಟ್ಟು, ಸೊಪ್ಪುಸದೆ ಹರಡಿ, ಹುಲ್ಲಿನ ಬುಡಗಳನ್ನು ನೆಟ್ಟೆವು. ಹೊಸ ದಾರಿ ಅಬ್ಬಿಯಿಂದ ದೂರ ಸರಿದು, ಓರೆಯಾಗಿ, ನಿಧಾನವಾಗಿ ಇಳಿಯುತ್ತದೆ. ಎಲ್ಲಿ ತಗ್ಗು ಬೇಕೆಂದು ಆ ಹಿರಿಯರೇ ಕೋಲು ಊರಿ ತೋರಿಸಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸವಾರಿಯಿಲ್ಲ. ಬೇರೆ ತಿಂಗಳಲ್ಲಿಯೂ ಮಳೆ ಬಂದ ಮರುದಿನ ಸವಾರಿಯಿಲ್ಲ. ಮುಂದಿನ ಮಳೆಗಾಲದಲ್ಲಿ ಅಬ್ಬಿಯ ನೀರು ತಿಳಿಯಾಗಿಯೇ ಬಂತು. ಧುಮುಕುವ ಆ ಸುಖ ನಮಗೆ ಈಗ ಇಲ್ಲ. ಅದರ ನೆನಪು ಬಂದಾಗ ಬೇಸರವಾಗುತ್ತದೆ ಎಂಬುದನ್ನು ಮುಚ್ಚಿಡಲಾರೆ.

ಕೈಗುದ್ದಲಿಯಿಂದ ಕಡಿದ ಎರಡಡಿ ದಾರಿಯೊಂದು ನಾಲ್ಕು ಮನೆಗಳ ನೀರನ್ನು ಕೆಡಿಸಬಹುದಾದರೆ, ಯಂತ್ರಗಳಿಂದ ಧರೆ ಕಡಿದು ಮಾಡುವ ರಸ್ತೆಗಳು ಏನು ಮಾಡಬಲ್ಲವು? 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ನಾವೆಲ್ಲ ಕಂಡಿದ್ದೇವೆ. ಅತಿಯಾದ ಮಳೆಯ ಜೊತೆಗೆ ರಸ್ತೆಗಾಗಿ, ಕಟ್ಟಡಗಳಿಗಾಗಿ ಇಳಿಜಾರುಗಳನ್ನು ಕಡಿದುದೂ ಅಲ್ಲಿ ಚರ್ಚೆಗೆ ಬಂತು. ನಿಮ್ಮೂರಿಗೆ ರಸ್ತೆಯ ಯೋಜನೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದರ ನೀರು ಎಲ್ಲಿಗೆ ಹೋಗುತ್ತದೆ?

ವಿದ್ಯಾರ್ಥಿ ಮಿತ್ರರೆ, ಸೈಕಲ್ ಹತ್ತಿ, ಬೆಟ್ಟವನ್ನು ಪ್ರೀತಿಸಿ. ಆದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಪುಷ್ಪಗಿರಿ ವನ್ಯಧಾಮಗಳಂತಹ ಕಾಡುಗಳಲ್ಲಿ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅಲ್ಲಿ ಹೊಸ ದಾರಿ ಕಡಿಯುವ ಯೋಚನೆಯೂ ಬೇಡ. ಸ್ವಂತ ಜಮೀನಿನಲ್ಲಿ ದಾರಿ ಮಾಡುವುದಾದರೆ ಕೆಳಗಿನ ಮನೆಯವರನ್ನು ಮೊದಲು ಕೇಳಿ. ಒಂದು ಮಳೆಗಾಲವಿಡೀ ಆ ಇಳಿಜಾರಿನಲ್ಲಿ ಕೊಡೆ ಹಿಡಿದು ನಡೆಯಿರಿ, ನೀರು ಹರಿಯುವ ಜಾಡನ್ನು ಗುರುತಿಸಿಕೊಳ್ಳಿ. ಗುದ್ದಲಿ ಹಿಡಿಯುವುದು ಅದಾದ ಮೇಲೆ.